ಸೊಸೆ ಉಂಡದ್ದನ್ನು ಯಾರೂ ನೋಡಿರಲಿಲ್ಲ

ನನ್ನದು ಬಾಯಿ ಮುಂದೆ, ಬುದ್ಧಿ ಹಿಂದೆ. ಕೊಟ್ಟೂರಿನ ನಮ್ಮ ಓಣಿಯವರಿಗೆಲ್ಲ ಇದು ಗೊತ್ತು. ಆದರೆ ಹೋದ ಬೇಸಿಗೆಯಲ್ಲಿ ಆಡಿದ ಒಂದು ಮಾತು ಮಾತ್ರ ಇನ್ನೂ ನನ್ನನ್ನು ಚುಚ್ಚುತ್ತದೆ.

ಮನೆಯಲ್ಲಿ ಮಗಳ ಕೂಸಿನ ತೊಟ್ಟಿಲ ಕಾರ್ಯ. ಹಲವಾಗಲು ಊರಿನಿಂದ ತಂದ ನಮ್ಮ ಸೊಸೆ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ, ಬೆಳಗಿನಿಂದ ಮಾವಿನಹಣ್ಣು ಹಿಂಡಿ ಶೀಕರಣೆ ಮಾಡಿದಳು. ಹೋಳಿಗೆಯ ಜೊತೆ ಎಲ್ಲರಿಗೂ ಬಡಿಸಿದಳು. ಮರುದಿನ ಶುರುವಾಯಿತು ನೋಡಿ, ವಾಂತಿ, ಭೇದಿ! ಬೀಗರು, ಮಗ, ಮಗಳು, ನಾನು, ಒಬ್ಬರೂ ಬಿಡದೆ ಹಾಸಿಗೆ ಹಿಡಿದೆವು. ಸೊಸೆ ಮಾತ್ರ ಗಟ್ಟಿ. ಗಂಜಿ ಕಾಯಿಸುತ್ತ, ನಮ್ಮ ವಾಂತಿ ಬಳಿಯುತ್ತ, ಅರಿವೆ ಒಗೆಯುತ್ತ ಓಡಾಡುತ್ತಿದ್ದಳು.

ಮಗಳು ಮಲಗಿದಲ್ಲಿಂದಲೇ ಮಾತು ತೆಗೆದಳು: "ಅವ್ವಾ, ಶೀಕರಣಿ ಮಾಡಿದಾಕಿಗೇ ಏನೂ ಆಗಿಲ್ಲಲ್ಲ?"

ನನ್ನ ತಲೆ ಕೆಟ್ಟಿತು. ಸೊಸೆಯನ್ನು ಕರೆದು ಕೇಳಿದೆ: "ನೀ ಶೀಕರಣಿ ಉಂಡಿಯೇನು?"

"ಉಂಡೀನ್ರಿ ಅತ್ತಿ."

"ಯಾರು ನೋಡ್ಯಾರ?"

ನಮ್ಮಲ್ಲಿ ಸೊಸೆ ಉಣ್ಣುವುದು ಎಲ್ಲರದೂ ಆದ ಮೇಲೆ, ಒಲೆಯ ಮಗ್ಗುಲಲ್ಲಿ, ಒಬ್ಬಳೇ. ನೋಡುವವರು ಯಾರು? ಆ ಪದ್ಧತಿ ನಡೆಸಿಕೊಂಡು ಬಂದವಳೂ ನಾನೇ. ಅವಳು ತನ್ನ ಅಣ್ಣನಿಗೆ ಫೋನ್ ಮಾಡಿ, ಬ್ಯಾಗಿಗೆ ಸೀರೆ ತುಂಬತೊಡಗಿದಳು.

ಅಷ್ಟರಲ್ಲಿ ನಮಗೆ ಸಲೈನ್ ಹಾಕಲು ಡಾಕ್ಟರು ಬಂದರು. ಅವರ ಮುಂದೂ ನಾನು, ಮಾಡಿ ಬಡಿಸಿದವಳಿಗೇ ಏನೂ ಆಗಿಲ್ಲ ಎಂದು ಅದನ್ನೇ ಹೇಳಿದೆ. ಅವರು ನನ್ನನ್ನೇ ನೋಡಿದರು.

"ಅಮ್ಮಾ, ಇದು ವೈರಸ್ ಇದ್ದಂಗ ಐತಿ. ಕೆಲವ್ರಿಗೆ ಹತ್ತಂಗಿಲ್ರಿ. ಹುಟ್ಟಿನಿಂದ್ಲೇ ಅವ್ರ ಕರುಳಿನಾಗ ಅದಕ್ಕ ಹಿಡ್ಕೊಳ್ಳಾಕ ಜಾಗ ಇರಂಗಿಲ್ಲ. ತಾಯಿ, ತಂದಿ ಇಬ್ರ ಕಡಿಂದ ಬರೋ ಗುಣ. ಎಲ್ಲಾ ರೋಗಕ್ಕೂ ಅಲ್ಲ ಮತ್ತ, ಇಂಥಾದ್ದಕ್ಕ ಅಷ್ಟ. ಈ ಹುಡುಗಿಗೂ ಹಂಗ ಇರಬೌದು."

ಸಂಜೆ ಬೈಕಿನಲ್ಲಿ ಬಂದ ಅವಳ ಅಣ್ಣನನ್ನು, ಇವಳಿಗೆ ಮೊದಲಿನಿಂದಲೂ ಹೀಗೇ ಏನು ಎಂದು ಕೇಳಿದೆ. "ಹೌದ್ರಿ, ಮನಿಮಂದಿಯೆಲ್ಲಾ ವಾಂತಿ ಮಾಡ್ಕೊಂಡು ಬಿದ್ರೂ ಅಕಿಗೆ ಏನೂ ಆಗ್ತಿದ್ದಿಲ್ಲ. ಅಕಿನ ನಮ್ಗ ನೀರು ಕೊಡಾಕಿ. ನಾವೇನು ಅನುಮಾನ ಪಡಲಿಲ್ರಿ," ಎಂದ.

"ತಪ್ಪಾತು ನಂದು, ಹೋಗಬ್ಯಾಡ ತಾಯಿ," ಎಂದು ಅವಳ ಕೈ ಹಿಡಿದೆ. ಅವಳು ಹೋಗಲಿಲ್ಲ. ಬ್ಯಾಗನ್ನೂ ಬಿಚ್ಚಲಿಲ್ಲ.

ನಾಲ್ಕು ದಿನಕ್ಕೆ ಎದ್ದವಳೇ ರೊಟ್ಟಿ ಬಡಿದೆ. ಅವಳನ್ನು ನಡುಮನೆಯಲ್ಲಿ ಎಲ್ಲರಿಗಿಂತ ಮೊದಲು ಕೂರಿಸಿ, ಬಡಿಸಿ, ಎದುರಿಗೇ ಕೂತೆ. ತಲೆ ಬಗ್ಗಿಸಿ ಒಂದು ತುತ್ತು ಉಂಡಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಈಗ ನೋಡಿದ್ರೇನ್ರಿ, ಅತ್ತಿ?"