ಅಮ್ಮನ ಪಾವು, ಲ್ಯಾಬಿನ ಸಾಲು

ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವ ಹಿತ್ತಾಳೆಯ ಪಾವಿಗೆ ಪಕ್ಕೆಯಲ್ಲೊಂದು ತಗ್ಗಿದೆ. ಎಂದೋ ಅಮ್ಮನ ಕೈಜಾರಿ ಬಿದ್ದದ್ದು. ದೇವನೂರಿನ ತವರಿನಿಂದ ಅವಳ ಜೊತೆಗೇ ಬಂದ ಆ ಪಾವಿನಲ್ಲಿ ಅಳೆದು ಅವಳು ಮಾಡುತ್ತಿದ್ದ ಅವರೆಕಾಳಿನ ಬಾತಿಗೆ ಉಪ್ಪು ಖಾರ ತಪ್ಪಿದ್ದೇ ಇಲ್ಲ. ಪಾವಿಗೆ ಇಷ್ಟು ಚಮಚ ಎಂಬ ಅದೇ ಲೆಕ್ಕದಲ್ಲಿ ಕವಲಂದೆಯ ನನ್ನ ಅಕ್ಕ ಮಾಡಿದರೆ ಮಾತ್ರ ಸಪ್ಪೆ. ಅವಳ ಕೈಗುಣವೇ ಅಷ್ಟು ಎಂದು ವರ್ಷಗಟ್ಟಲೆ ಆಡಿಕೊಂಡೆ. ಅವಳ ಪಾವಿಗೆ ತಗ್ಗಿಲ್ಲ, ಅಕ್ಕಿ ಹೆಚ್ಚು ಹಿಡಿಯುತ್ತದೆ ಎಂಬುದು ಹೊಳೆಯಲೇ ಇಲ್ಲ ನೋಡಿ. ನಾನೋ ಮೇಷ್ಟ್ರು ಬೇರೆ!

ನಂಜನಗೂಡಿನ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುವವನು ನಾನು. ಬರೆಯುವ ಭಾಷೆ ಒಂದೇ. ಅದನ್ನು ಓದಿ ಯಂತ್ರಕ್ಕೆ ತಿಳಿಸುವ ಕಂಪೈಲರುಗಳು ಹಲವು, ಒಬ್ಬೊಬ್ಬರು ಮಾಡಿದ್ದು ಒಂದೊಂದು. ನಮ್ಮ ಲ್ಯಾಬಿನದು ಹಳೆಯ ಕಾಲದ್ದು. ಪ್ರೋಗ್ರಾಮಿನ ಆರಂಭದಲ್ಲಿ ಪರದೆ ಒರೆಸುವ ಸಾಲೊಂದನ್ನು ಬರೆಸುವುದು ನಮಗೆ ಕಾಗದದ ತಲೆಗೆ ಶ್ರೀಕಾರ ಹಾಕಿದಷ್ಟೇ ಸಹಜ. ನನ್ನ ಮೇಷ್ಟ್ರು ಬರೆಸಿದರು, ನಾನೂ ಬರೆಸಿದೆ. ಆ ಸಾಲು ಭಾಷೆಯದಲ್ಲ, ಆ ಒಂದು ಕಂಪೈಲರಿನ ಸ್ವಂತ ಸೌಕರ್ಯ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ನನ್ನ ವಿದ್ಯಾರ್ಥಿನಿ ಸೌಮ್ಯಳಿಗೆ ಪ್ರಾಯೋಗಿಕ ಪರೀಕ್ಷೆ ಬಿದ್ದದ್ದು ಟಿ. ನರಸೀಪುರದಲ್ಲಿ. ಇದೊಂದು ಪಾಸಾದರೆ ಡಿಪ್ಲೊಮಾ ಮುಗಿಯುತ್ತಿತ್ತು. ಅಲ್ಲಿದ್ದ ಹೊಸ ಕಂಪೈಲರು ಆ ಸಾಲು ಕಂಡದ್ದೇ ಮುಂದೆ ಹೋಗಲು ಒಪ್ಪಲಿಲ್ಲ. ತಪ್ಪು ತನ್ನದೇ ಇರಬೇಕೆಂದು ಹುಡುಗಿ ಸರಿಯಿದ್ದ ಸಾಲುಗಳನ್ನೆಲ್ಲ ತಿದ್ದುತ್ತ ಹೊತ್ತು ಕಳೆದು ಫೇಲಾದಳು. ಫಲಿತಾಂಶದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ನೀವು ಏಳ್ಕೊಟ್ಟಂಗೇ ಬರ್ದಿದ್ದೆ ಸಾ" ಎಂದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಮರುಪರೀಕ್ಷೆಗೆ ಮುನ್ನ ನಾವಿಬ್ಬರೂ ಕೂತು, ಆ ಭಾಷೆಯನ್ನು ಬಲ್ಲವರೆಲ್ಲ ಕೂಡಿ ಒಪ್ಪಿ ಬರೆದಿಟ್ಟ ನಿಯಮಗಳನ್ನು ಓದಿದೆವು. ಎಂಥ ಒಣ ಬರಹ ಅಂತೀರಿ! ಆದರೂ ಅದರೊಳಗೆ ಎಷ್ಟೊಂದು ಸೌಜನ್ಯ: ನಿನ್ನ ಮುಖ ನೋಡದವರೂ, ನಿನ್ನ ಊರು ಅರಿಯದವರೂ ನೀನು ಬರೆದದ್ದನ್ನು ನೀನು ಬರೆದಂತೆಯೇ ಓದುತ್ತಾರೆ ಎಂಬ ವಾಗ್ದಾನ. ಕಂಪೈಲರು ತನ್ನದೊಂದು ಸೌಕರ್ಯ ಸೇರಿಸಿಕೊಳ್ಳಲಿ, ಬೇಡವೆನ್ನುವವರಾರು? ಇದು ತನ್ನದು ಮಾತ್ರ ಎಂದು ಹೇಳಿದರೆ ಸಾಕು. ಸೌಮ್ಯ ಪ್ರತಿ ಪ್ರೋಗ್ರಾಮನ್ನೂ ಎರಡು ಕಂಪೈಲರಿನಲ್ಲಿ ಓಡಿಸಿ ನೋಡದೆ ಏಳುತ್ತಿರಲಿಲ್ಲ. ಅದೇ ನರಸೀಪುರದಲ್ಲಿ ಪಾಸಾಗಿ ಬಂದು, 'ಈ ಸಾಲು ನಮ್ಮ ಲ್ಯಾಬಿಗೆ ಮಾತ್ರ' ಎಂಬ ಚೀಟಿಯನ್ನು ಲ್ಯಾಬಿನ ಗೋಡೆಗೆ ತಾನೇ ಅಂಟಿಸಿದಳು.

ಅಮ್ಮನ ಪಾವನ್ನು ನಾನು ಬಿಸಾಡಿಲ್ಲ, ತಗ್ಗನ್ನೂ ತೆಗೆಸಿಲ್ಲ. ಗೆರೆಗಳಿರುವ ಒಂದೇ ಥರದ ಎರಡು ಅಳತೆಲೋಟ ತಂದು, ಪಾವಿನ ಅಕ್ಕಿಯನ್ನು ಒಂದಕ್ಕೆ ಸುರಿದು, ಅದು ಯಾವ ಗೆರೆಗೆ ಬಂತೆಂದು ನೋಡಿಕೊಂಡು, ಇನ್ನೊಂದರಲ್ಲಿ ಅದೇ ಗೆರೆಗೆ ಗುರುತು ಹಾಕಿ ಅಕ್ಕನಿಗೆ ಕೊಟ್ಟೆ. ಮೊನ್ನೆ ಕವಲಂದೆಯಲ್ಲಿ ಊಟಕ್ಕೆ ಕೂತಿದ್ದೆ. ಅಮ್ಮ ಹೋಗಿ ಆರು ವರ್ಷವಾಯಿತು. ಅಕ್ಕ ಬಡಿಸಿದ ಬಾತಿನಲ್ಲಿ ಅಮ್ಮನ ಕೈರುಚಿ ಇತ್ತು.