ಖಮೀಸಿಗೆ ಬಂದ ಮನಿಲಾದ ಡಿಸ್ಕೊ

ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನಲ್ಲಿ ನಾನು ಹನ್ನೊಂದು ವರ್ಷ ರೇಡಿಯೊ, ಟೀವಿ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದೆ. ಅಂಗಡಿ ಕಾಗದದ ಮೇಲೆ ಕಫೀಲನದು, ಎಂದರೆ ನಮಗೆ ವೀಸಾ ಕೊಟ್ಟ ಸೌದಿ ಯಜಮಾನನದು. ನಡೆಸುತ್ತಿದ್ದವರು ಭಟ್ಕಳದ ಒಬ್ಬ ಹಿರಿಯರು. ಅವರನ್ನು ನಾನು ಸಾಹೇಬ್ರು ಎನ್ನುತ್ತಿದ್ದೆ. ನಮ್ಮ ಅಂಗಡಿಯಿಂದ ಮೂರು ಬಾಗಿಲು ಆಚೆ ಮದುಮಗಳ ಉಡುಪು ಹೊಲಿಯುವ ಟೈಲರ್ ಅಂಗಡಿಯಿತ್ತು. ಅಲ್ಲಿನ ದೊಡ್ಡ ಟೈಲರ್ ಫಿಲಿಪ್ಪೀನ್ಸಿನವರು, ಅರವತ್ತರ ಹತ್ತಿರದ ತೆಳ್ಳಗಿನ ಮನುಷ್ಯ. ಅವರ ಭಾಷೆಯಲ್ಲಿ ಅಣ್ಣನಿಗೆ ಕುಯಾ ಎನ್ನುತ್ತಾರೆ. ಹಾಗಾಗಿ ಬೀದಿಗೆಲ್ಲ ಅವರು ಕುಯಾ.

ಎರಡು ಸಾವಿರದ ಹತ್ತು ದಾಟಿದ ಮೇಲೆ ಟೇಪ್ ರೆಕಾರ್ಡರ್ ಹಿಡಿದು ಬರುವವರೇ ಇರಲಿಲ್ಲ. ಎಲ್ಲರ ಹಾಡೂ ಮೊಬೈಲಿಗೆ ಹೋಗಿತ್ತು. ಅಂಥದ್ದರಲ್ಲಿ ಒಂದು ಬೆಳಿಗ್ಗೆ ಕುಯಾ ಒಂದು ಹಳೆಯ ಟೇಪ್ ರೆಕಾರ್ಡರನ್ನೂ ಬಿಸ್ಕೆಟ್ ಡಬ್ಬಿಯನ್ನೂ ತಂದು ನನ್ನ ಮೇಜಿನ ಮೇಲಿಟ್ಟರು. ಡಬ್ಬಿಯೊಳಗೆ ಹನ್ನೆರಡು ಕ್ಯಾಸೆಟ್. ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಒಂದೆರಡರ ಟೇಪು ಹರಿದು ಹೊರಗೆ ನೇತಾಡುತ್ತಿತ್ತು.

"ಸದೀಖ್, ಇದು ಹಾಡ್ಬೇಕು. ನಾನು ಊರಿಗೆ ವಾಪಸು ಹೋಗುವ ಮೊದಲು ಒಮ್ಮೆ ಕೇಳ್ಬೇಕು" ಎಂದರು.

ಅವರು ಮಾತಾಡುತ್ತಿದ್ದುದು ಅರ್ಧ ಇಂಗ್ಲಿಷ್, ಅರ್ಧ ಅರಬ್ಬಿ, ನಡುವೆ ಹಿಂದಿ. ಸದೀಖ್ ಎಂದರೆ ಅರಬ್ಬಿಯಲ್ಲಿ ಗೆಳೆಯ. ಇಲ್ಲಿ ಅದನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಯಂತ್ರ ಬಿಚ್ಚಿದರೆ ಒಳಗಿನ ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಸ್ಪಿರಿಟ್ ಹಾಕಿ ಒರೆಸಿ ಬೇರೆ ಬೆಲ್ಟು ಹಾಕಿದೆ. ಕ್ಯಾಸೆಟ್ಟಿನೊಳಗೆ ಟೇಪನ್ನು ಒತ್ತಿ ಹಿಡಿಯುವ ಉಣ್ಣೆಯ ಚೂರು ಬಿದ್ದುಹೋಗಿತ್ತು. ಅದಕ್ಕೆ ಕುಯಾನ ಅಂಗಡಿಯಿಂದಲೇ ದಪ್ಪ ಬಟ್ಟೆ ತಂದು ಉಗುರಿನಷ್ಟಗಲ ಕತ್ತರಿಸಿ ಅಂಟಿಸಿದೆ. ಮೂರು ದಿನದ ಕೆಲಸ. ನಾಲ್ಕನೆಯ ದಿನ ಮಧ್ಯಾಹ್ನದ ಜುಹರ್ ನಮಾಜು ಮುಗಿದು, ಅಂಗಡಿ ಮತ್ತೆ ತೆರೆಯದ ಹೊತ್ತಿನಲ್ಲಿ, ಅವರನ್ನು ಒಳಕೋಣೆಗೆ ಕರೆದು ಗುಂಡಿ ಒತ್ತಿದೆ.

ಮೊದಲು ಬರೀ ಗರಗರ. ಆಮೇಲೆ ಎದೆಯೊಳಗೇ ಬಾರಿಸಿದಂಥ ಒಂದು ಡ್ರಮ್ಮು. ಒಂದು ಹಾಡು ನಡೆಯುತ್ತಿರುವಾಗಲೇ ಅದರ ಕೆಳಗಿನಿಂದ ಇನ್ನೊಂದು ಹಾಡು ಮೇಲಕ್ಕೆ ಬಂತು. ಮೊದಲನೆಯದು ಎಲ್ಲಿ ಮುಗಿಯಿತು, ಎರಡನೆಯದು ಎಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ. ಹಿಂದಿನಿಂದ ನೂರಾರು ಜನ ಕೂಗಿದ ಸದ್ದು. ಅದರ ಮೇಲೆ ಮೈಕಿನಲ್ಲಿ ಒಬ್ಬ ಹುಡುಗನ ಧ್ವನಿ, ಎಂಥದೋ ಹೇಳಿ ನಗುತ್ತಿತ್ತು.

"ಯಾರಿದು?" ಎಂದು ಕೇಳಿದೆ.

"ನಾನು" ಎಂದರು ಕುಯಾ. ಕಣ್ಣು ಒರೆಸಿಕೊಳ್ಳಲೂ ಇಲ್ಲ, ಹಾಗೇ ಕೂತಿದ್ದರು. "ನನಗೆ ಆಗ ಇಪ್ಪತ್ತೆರಡು."

ಮನಿಲಾದಲ್ಲಿ ಅವರು ಡಿಸ್ಕೊ ಕ್ಲಬ್ಬಿನ ಡಿಜೆ ಆಗಿದ್ದರು. ಅದು ಗಂಡಸರನ್ನು ಮೆಚ್ಚುವ ಗಂಡಸರ ಕ್ಲಬ್ಬು. ಇದನ್ನು ಅವರು ಮೊದಲ ದಿನ ಹೇಳಲಿಲ್ಲ. ಎರಡನೆಯ ಕ್ಯಾಸೆಟ್ ಸರಿಯಾದ ದಿನ, ನನ್ನ ಮುಖ ನೋಡದೆ, ಟೇಪು ಸುತ್ತುವುದನ್ನು ನೋಡುತ್ತ ಹೇಳಿದರು. ಅಂಥ ಮಾತನ್ನು ಆಡಬಹುದಾದ ಊರಲ್ಲ ಅದು. ನಾನು ಎದ್ದು ಹೋಗಿ ಒಳಕೋಣೆಯ ಬಾಗಿಲು ಹಾಕಿ ಬಂದೆ. ಬಂದವನು ಅದೇ ಸ್ಟೂಲಿನ ಮೇಲೆ ಕೂತೆ. ಅದರಿಂದಲೇ ಅವರಿಗೆ ನನ್ನ ಬಗ್ಗೆ ತಿಳಿದಿರಬೇಕು.

ಆಮೇಲೆ ದಿನಾ ಮಧ್ಯಾಹ್ನ ಅರ್ಧ ಗಂಟೆ ನನಗೆ ಕತೆ. ಅವರ ದೇಶದಲ್ಲಿ ಆಗ ಮಿಲಿಟರಿ ಕಾನೂನು. ಹನ್ನೆರಡು ಹೊಡೆದರೆ ಕರ್ಫ್ಯೂ. ಬೀದಿಯಲ್ಲಿ ಸಿಕ್ಕಿದವನನ್ನು ಹಿಡಿದುಕೊಂಡು ಹೋಗುತ್ತಿದ್ದರು. ಹಾಗಾಗಿ ಹನ್ನೆರಡಕ್ಕೆ ಕ್ಲಬ್ಬಿನ ಬಾಗಿಲು ಹಾಕಿದರೆ ಬೆಳಗಿನ ನಾಲ್ಕರವರೆಗೆ ಯಾರೂ ಹೊರಗೆ ಹೋಗುವಂತಿಲ್ಲ.

"ನಾಲ್ಕು ಗಂಟೆ, ಸದೀಖ್! ಇನ್ನೂರು ಜನ ಒಳಗೆ. ಅವರನ್ನು ಕುಣಿಸ್ತಾ ಇರುದು ನನ್ನ ಕೆಲಸ. ಹಾಡು ನಿಂತ್ರೆ ಅವರಿಗೆ ಹೊರಗಿನ ಪೊಲೀಸರ ನೆನಪು ಬರ್ತದೆ. ಒಂದು ದಿನವೂ ನಿಲ್ಲಿಸ್ಲಿಲ್ಲ."

ಅವರು ನಿಲ್ಲುತ್ತಿದ್ದ ಜಾಗ ಪ್ಲೈವುಡ್ಡಿನ ಒಂದು ಅಟ್ಟ. ಏಣಿ ಹತ್ತಿ ಹೋಗಬೇಕು. ಕೆಳಗೆ ಬ್ಯಾಂಕಿನ ಗುಮಾಸ್ತ, ಹಡಗಿನವನು, ಶಾಲೆಯ ಮೇಷ್ಟ್ರು, ಬ್ಯೂಟಿ ಪಾರ್ಲರಿನವರು, ಒಬ್ಬ ಜಡ್ಜಿಯ ಮಗ. ಬ್ಯಾಂಕಿನವನು ಎತ್ತರದ ಹಿಮ್ಮಡಿಯ ಬೆಳ್ಳಿಬಣ್ಣದ ಬೂಟುಗಳನ್ನು ತರಕಾರಿ ಚೀಲದಲ್ಲಿ ತಂದು, ಮೆಟ್ಟಿಲ ಮೇಲೆ ಕೂತು ಹಾಕಿಕೊಳ್ಳುತ್ತಿದ್ದನಂತೆ. ಅಲ್ಲಿ ಇನ್ನೊಬ್ಬ ಹಿರಿಯ ಡಿಜೆ ಇದ್ದ. ಕುಯಾಗೆ ಕೆಲಸ ಕಲಿಸಿದವನು. ಹೊಸಬ ಯಾರಾದರೂ ಬಂದು ಗೋಡೆಗೆ ಒರಗಿ ನಿಂತರೆ ಅವನ ಕಡೆ ನೋಡಬೇಡ, ಮೂರು ಹಾಡಿನೊಳಗೆ ಅವನನ್ನು ಗೋಡೆಯಿಂದ ಬಿಡಿಸು ಎಂದು ಹೇಳಿಕೊಟ್ಟಿದ್ದನಂತೆ. ಮನೆಯಿಂದ ಹೊರಹಾಕಿಸಿಕೊಂಡ ಹುಡುಗರು ಆ ಹಿರಿಯನ ಮನೆಯಲ್ಲೇ ಮಲಗುತ್ತಿದ್ದರು. ಭಾನುವಾರ ಎಲ್ಲರಿಗೂ ಅವನೇ ಗಂಜಿ ಬೇಯಿಸುತ್ತಿದ್ದ.

ನನಗೆ ಆಗ ಮೂವತ್ತಮೂರು. ಹದಿನಾಲ್ಕನೆಯ ವಯಸ್ಸಿನಲ್ಲೇ ನಾನು ಯಾರೆಂದು ನನಗೆ ಗೊತ್ತಿತ್ತು. ಆದರೆ ನಮ್ಮಂಥವರ ಬಗ್ಗೆ ನಾನು ಕೇಳಿದ್ದೆಲ್ಲ ಒಂದೋ ಬೈಗುಳ, ಇಲ್ಲವೇ ಪತ್ರಿಕೆಯ ಮೂಲೆಯಲ್ಲಿನ ಆತ್ಮಹತ್ಯೆಯ ಸುದ್ದಿ. ಇನ್ನೂರು ಜನ ಒಟ್ಟಿಗೆ ಸೇರಿ ನಕ್ಕರು, ಕುಣಿದರು, ಭಾನುವಾರ ಗಂಜಿ ಉಂಡರು ಎಂದು ಯಾರೂ ಹೇಳಿರಲಿಲ್ಲ. ಕತೆ ಕೇಳಿ ಅಂಗಡಿಯ ಮುಂಬಾಗಿಲಿಗೆ ಬರುವಾಗ ನನ್ನ ನಡಿಗೆಯೇ ಬೇರೆಯಾಗಿರುತ್ತಿತ್ತು.

ಅದೇ ಸಮಯಕ್ಕೆ ಊರಲ್ಲಿ ಉಮ್ಮ ನನಗೊಂದು ಹುಡುಗಿ ನೋಡಿದ್ದರು. ವಿಟ್ಲದ ಕಡೆಯವರು, ಒಳ್ಳೆಯ ಜನ. ನಾನು "ನೋಡುವ" ಎಂದು ಎಂಟು ತಿಂಗಳು ಎಳೆದಿದ್ದೆ. ಈ ಸಂಗತಿಯನ್ನು ಕುಯಾಗೆ ಹೇಳಿದೆ.

ಅವರು ಟೇಪು ನಿಲ್ಲಿಸಿದರು. ಆಮೇಲೆ, "ನನಗೂ ಮದುವೆ ಆಗಿತ್ತು. ಎರಡು ವರ್ಷ" ಎಂದರು.

"ಮತ್ತೆ?"

"ಅವಳು ಒಳ್ಳೆಯವಳು. ರೂಮಿನಲ್ಲಿ ಅವಳು ಅಳ್ತಿದ್ದಳು, ಬಾತ್‌ರೂಮಿನಲ್ಲಿ ನಾನು. ಕ್ಲಬ್ಬು ಮುಚ್ಚಿತ್ತು, ಅಪ್ಪ ಹೇಳಿದ್ರು, ಆದೆ. ನನಗೆ ಧೈರ್ಯ ಇರ್ಲಿಲ್ಲ, ಅದಕ್ಕೆ ದಂಡ ಕಟ್ಟಿದ್ದು ಅವಳು. ಈಗ ಬೇರೆ ಮದುವೆಯಾಗಿ ಸುಖವಾಗಿದ್ದಾಳೆ, ದೇವರು ದೊಡ್ಡವನು. ನೀನು ಆ ಹುಡುಗಿಗೆ ಹಾಗೆ ಮಾಡ್ಬೇಡ."

ಸೋಲ್ಡರಿಂಗ್ ಕಡ್ಡಿ ಬಿಸಿಯಾಗಿ ಹೊಗೆಯಾಡುತ್ತಿತ್ತು, ಅದನ್ನು ಆರಿಸಿದೆ.

ಕುಯಾ ಶಾಶ್ವತವಾಗಿ ಊರಿಗೆ ಹೋಗುವ ದಿನ ಹತ್ತಿರ ಬಂತು. ಅವರ ಊರಿನವರು ಸೇರಿ ಒಂದು ಶುಕ್ರವಾರ ಬೀಳ್ಕೊಡುವ ಊಟ ಇಟ್ಟರು. ಊರ ಹೊರಗೆ ಗೋಡೆ ಕಟ್ಟಿದ ಒಂದು ಇಸ್ತಿರಾಹಾ, ಎಂದರೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹಾಲ್ ಮತ್ತು ಅಂಗಳ. ನನ್ನ ತಲೆಯಲ್ಲಿ ಒಂದು ಯೋಚನೆ ಹುಟ್ಟಿತು. ಅಂಗಡಿಯ ಹಿಂದೆ ಯಾರೂ ಬಿಡಿಸಿಕೊಂಡು ಹೋಗದ ಎರಡು ದೊಡ್ಡ ಕ್ಯಾಸೆಟ್ ಡೆಕ್‌ಗಳು ಧೂಳು ತಿನ್ನುತ್ತಿದ್ದವು.

"ಸಾಹೇಬ್ರೇ, ಇವನ್ನು ನಾನು ತಗೊಳ್ಳಲಾ?" ಎಂದು ಕೇಳಿದೆ.

"ಗುಜರಿ ಅಲ್ವಾ, ತಗೋ. ಎಂತ ಮಾಡ್ತಿ?"

"ಕುಯಾನ ಪಾರ್ಟಿಗೆ."

ಸಾಹೇಬ್ರು ಕನ್ನಡಕದ ಮೇಲಿನಿಂದ ನೋಡಿದರು. "ಮಾಡು. ಆದ್ರೆ ಇಲ್ಲಿ ಗಲಾಟೆ ಬೇಡ ಮಾರಾಯ. ಪಕ್ಕದಲ್ಲೇ ಪಳ್ಳಿ ಉಂಟು, ನಮಾಜಿಗೆ ಜನ ಬರ್ತಾರೆ" ಎಂದರು.

ಡಿಜೆ ಎರಡು ಹಾಡನ್ನು ಕೂಡಿಸಬೇಕಾದರೆ ಒಂದರ ವೇಗವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಲು ಆಗಬೇಕು. ಮಾಮೂಲಿ ಕ್ಯಾಸೆಟ್ ಡೆಕ್ಕಿನಲ್ಲಿ ಆ ವ್ಯವಸ್ಥೆ ಇಲ್ಲ. ಆದರೆ ಮೋಟರಿನ ಬೆನ್ನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರೊಳಗಿನ ತಿರುಪು ತಿರುಗಿಸಿದರೆ ವೇಗ ಬದಲಾಗುತ್ತದೆ. ನಾನು ಆ ತಿರುಪಿನ ಜಾಗದಿಂದ ವಯರು ಹೊರಗೆಳೆದು, ರೇಡಿಯೊದ ವಾಲ್ಯೂಮ್ ಗುಂಡಿಯೊಂದನ್ನು ಮುಂಭಾಗಕ್ಕೆ ಕೂರಿಸಿದೆ. ಎರಡು ಡೆಕ್ಕಿಗೂ ಒಂದೊಂದು. ನಡುವೆ ಎರಡರ ಸದ್ದನ್ನೂ ಬೇರೆ ಬೇರೆ ಏರಿಸಿ ಇಳಿಸುವ ಒಂದು ಪೆಟ್ಟಿಗೆ. ಎರಡು ವಾರ ಬೇಕಾಯಿತು. ಗುರುವಾರ ಮಧ್ಯಾಹ್ನ ಕುಯಾನನ್ನು ಕರೆದು ತೋರಿಸಿದೆ. ಅವರು ಗುಂಡಿಯನ್ನು ಸ್ವಲ್ಪ ತಿರುಗಿಸಿದರು. ಹಾಡು ನಿಧಾನವಾಯಿತು. ಮತ್ತೆ ತಿರುಗಿಸಿದರು. ಸರಿಯಾಯಿತು. ಹೊಲಿದು ಹೊಲಿದು ದಡ್ಡುಗಟ್ಟಿದ ಅವರ ಬೆರಳುಗಳು ಗುಂಡಿಯನ್ನು ಬಿಡಲಿಲ್ಲ.

"ಮೂವತ್ತೈದು ವರ್ಷ ಆಯ್ತು" ಎಂದಷ್ಟೇ ಹೇಳಿದರು.

ಶುಕ್ರವಾರ ಜುಮಾ ಮುಗಿಸಿ ಸಾಹೇಬ್ರು ತಾವೇ ಪಿಕಪ್ ತಂದರು. ನನಗೆ ಕಾರಿಲ್ಲ, ಬಸ್ಸಿನ ಊರೂ ಅಲ್ಲ ಅದು. ಸಾಮಾನು ಇಳಿಸಿ ಹೊರಡುತ್ತಾರೆ ಎಂದುಕೊಂಡರೆ, ಗೇಟಿನ ಹೊರಗೆ ನೆರಳಲ್ಲಿ ಗಾಡಿ ನಿಲ್ಲಿಸಿ ಸೀಟು ಹಿಂದಕ್ಕೆ ಒರಗಿಸಿಕೊಂಡರು.

"ನೀವು ಒಳಗೆ ಬರುದಿಲ್ವಾ?"

"ನನಗೆ ಡ್ಯಾನ್ಸು ಗೀನ್ಸು ಎಂತಕ್ಕೆ? ಪೊಲೀಸರು ಯಾರಾದ್ರೂ ಬಂದ್ರೆ ಫೋನು ಮಾಡ್ತೇನೆ. ನೀನು ಹೋಗು" ಎಂದು ಕಣ್ಣು ಮುಚ್ಚಿದರು. ಅವರಿಗೆ ಎಷ್ಟು ಗೊತ್ತಿತ್ತೋ, ನಾನು ಕೊನೆಗೂ ಕೇಳಲಿಲ್ಲ.

ಒಳಗೆ ನಲವತ್ತು ಗಂಡಸರು. ಟೈಲರುಗಳು, ಆಸ್ಪತ್ರೆಯ ಟೆಕ್ನಿಶಿಯನ್‌ಗಳು, ಡ್ರೈವರುಗಳು. ಅವರಲ್ಲಿ ಕೆಲವರು ನಮ್ಮಂಥವರು, ಹೆಚ್ಚಿನವರು ಅಲ್ಲ. ಸದ್ದು ಹೊರಗೆ ಹೋಗದಂತೆ ಕಿಟಕಿಗಳಿಗೆಲ್ಲ ಸ್ಪಂಜಿನ ಹಾಳೆ ಇಟ್ಟು, ಟೈಲರ್ ಅಂಗಡಿಯಲ್ಲಿ ಉಳಿದ ಬಿಳಿ ಸಾಟಿನ್ ಬಟ್ಟೆ ಕಟ್ಟಿದ್ದರು. ಸುಟ್ಟ ಮೀನು, ಶಾವಿಗೆ, ಅನ್ನ. ಊಟವಾದ ಮೇಲೆ ಕುಯಾ ಹಾಲ್‌ನ ತುದಿಯ ಮೇಜಿನ ಹಿಂದೆ ನಿಂತರು. ಇಸ್ತ್ರಿ ಮಾಡಿದ ನೇರಳೆ ಬಣ್ಣದ ಅಂಗಿ. ಕಿವಿಗೆ ಹೆಡ್‌ಫೋನು. ಬೆನ್ನು ನೆಟ್ಟಗಾಯಿತು.

ಮೊದಲ ಎರಡು ಹಾಡಿಗೆ ಜನ ಕೂತಲ್ಲೇ ತಲೆ ಆಡಿಸಿದರು. ಮೂರನೆಯದಕ್ಕೆ ಎದ್ದರು. ಅಷ್ಟರಲ್ಲಿ ಎಡಗಡೆಯ ಡೆಕ್ಕು ಕೈಕೊಟ್ಟಿತು. ನಾನು ಹಾಕಿದ ಗುಂಡಿಯ ವಯರು ಒಳಗೆ ಬಿಟ್ಟುಹೋಗಿ ಟೇಪು ವಿಪರೀತ ವೇಗದಲ್ಲಿ ಓಡತೊಡಗಿತು. ಬಲಗಡೆಯ ಹಾಡು ಮುಗಿಯಲು ಎರಡು ನಿಮಿಷವೂ ಇಲ್ಲ.

"ನಿಲ್ಲುದಿಲ್ಲ, ಸದೀಖ್. ನಿಲ್ಲಬಾರ್ದು" ಎಂದರು ಕುಯಾ.

ಬೆಸುಗೆ ಹಾಕಲು ಸಮಯವಿಲ್ಲ. ಮುಚ್ಚಳ ತೆಗೆದೆ. ಒಳಗೆ ಟೇಪನ್ನು ಎಳೆಯುವ ಹಿತ್ತಾಳೆಯ ಚಕ್ರ ತಿರುಗುತ್ತಿತ್ತು. ಬೆರಳ ತುದಿಯನ್ನು ಅದರ ಅಂಚಿಗೆ ತಾಗಿಸಿದೆ. ವೇಗ ಇಳಿಯಿತು. ಕುಯಾ ಹೆಡ್‌ಫೋನಿನ ಒಂದು ಕಿವಿಯನ್ನು ನನ್ನ ಕಿವಿಗೆ ಒತ್ತಿದರು. ಒಳಗೆ ಒಂದು ಡ್ರಮ್ಮು, ಹೊರಗೆ ಹಾಲ್‌ನಲ್ಲಿ ಇನ್ನೊಂದು; ಒಂದಕ್ಕೊಂದು ಎಡವುತ್ತಿದ್ದವು.

"ಒತ್ತು. ಸಾಕು, ಸಡಿಲ ಮಾಡು. ಇನ್ನು ಚೂರು ಒತ್ತು. ಹಾಂ, ಹಾಗೇ ಹಿಡ್ಕೋ."

ಎರಡು ಡ್ರಮ್ಮು ಒಂದಾಯಿತು. ನನ್ನ ಬೆರಳಿನ ಕೆಳಗೆ ಅದು ಆದದ್ದು ನನಗೇ ಗೊತ್ತಾಯಿತು. ಕುಯಾ ನಡುವಿನ ಪೆಟ್ಟಿಗೆಯ ಗುಂಡಿ ಏರಿಸಿದರು. ಹೊಸ ಹಾಡು ಹಳೆಯದರ ಹೊಟ್ಟೆಯೊಳಗಿಂದ ಎದ್ದು ಬಂದು ಹಾಲ್‌ನ ತುಂಬ ಹರಡಿತು. ನಲವತ್ತು ಜನ ಒಮ್ಮೆಲೇ ಕೂಗಿದರು. ಕ್ಯಾಸೆಟ್ಟಿನಲ್ಲಿ ಕೇಳಿದ್ದೆನಲ್ಲ, ಅದೇ ಕೂಗು. ಕುಯಾ ಮೈಕು ಎಳೆದುಕೊಂಡು ತಮ್ಮ ಭಾಷೆಯಲ್ಲಿ ಏನೋ ಹೇಳಿ ನಕ್ಕರು. ಇಪ್ಪತ್ತೆರಡು ವರ್ಷದ ಹುಡುಗನ ನಗು.

ಒಂದು ಹಾಡಿನಷ್ಟು ಹೊತ್ತು ಹಾಗೇ ಬೆರಳು ಹಿಡಿದು ನಿಂತಿದ್ದೆ. ತುದಿ ಸುಟ್ಟು ಬೊಬ್ಬೆ ಬಂತು. ಬಲಗಡೆಯದರಲ್ಲಿ ಉದ್ದದ ಹಾಡೊಂದನ್ನು ಹಾಕಿದಾಗ ವಯರು ಬೆಸೆದು ಕೊಟ್ಟೆ. ಆಮೇಲೆ ಕುಯಾ ನನ್ನ ಬೆನ್ನಿಗೆ ಕೈಯಿಟ್ಟು ಜನರ ನಡುವೆ ತಳ್ಳಿದರು. ನನಗೆ ಕುಣಿಯಲು ಬರುವುದಿಲ್ಲ. ಆದರೂ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಹಾಡು ನಿಲ್ಲಿಸುವವರೆಗೂ ಕುಣಿದೆ. ಯಾರೂ ಬರಲಿಲ್ಲ, ಸಾಹೇಬ್ರ ಫೋನೂ ಬರಲಿಲ್ಲ. ಹೊರಗೆ ಬಂದಾಗ ಅವರು ನನ್ನ ಒದ್ದೆ ಅಂಗಿ ನೋಡಿ, "ಎಂತ, ಮಳೆ ಬಂತಾ ಒಳಗೆ?" ಎಂದರು.

ಮರುದಿನ ಬೆಳಿಗ್ಗೆ ಉಮ್ಮನಿಗೆ ಫೋನು ಮಾಡಿದೆ.

"ಉಮ್ಮ, ವಿಟ್ಲದವರಿಗೆ ಬೇಡ ಅಂತ ಹೇಳಿ. ನನಗೆ ಮದುವೆ ಬೇಡ. ಈಗ ಬೇಡ ಅಂತ ಅಲ್ಲ, ಯಾವಾಗಲೂ ಬೇಡ."

"ಎಂತ ಹೇಳ್ತಿ ನೀನು? ಅಲ್ಲಿ ಯಾರಾದ್ರೂ ಇದ್ದಾಳಾ?"

"ಯಾರೂ ಇಲ್ಲ. ಆ ಹುಡುಗಿಗೆ ನನ್ನಿಂದ ಅನ್ಯಾಯ ಆಗ್ಬಾರ್ದು."

ಫೋನು ಇಟ್ಟುಬಿಟ್ಟರು. ಮೂರು ವಾರ ಮಾತಿಲ್ಲ. ಅಷ್ಟರಲ್ಲಿ ಕುಯಾನನ್ನು ಅಭಾ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆವು. ನಾನು ಮಾಡಿದ ನಡುವಿನ ಪೆಟ್ಟಿಗೆಯನ್ನು ಅವರು ಅಂಗಿಗಳ ನಡುವೆ ಸುತ್ತಿ ಒಯ್ದರು. ನಾಲ್ಕನೆಯ ವಾರ ಉಮ್ಮನೇ ಫೋನು ಮಾಡಿದರು.

"ಮೋನೇ, ಫ್ರಿಜ್ಜು ಗುರ್ ಗುರ್ ಅಂತ ಉಂಟು. ಎಂತ ಮಾಡುದು?"

ಗೋಡೆಗೆ ತಾಗಿದೆಯೋ ನೋಡಿ, ಸ್ವಲ್ಪ ಮುಂದೆ ಎಳೆಯಿರಿ ಎಂದೆ. ಎಳೆದರು. ಸದ್ದು ನಿಂತಿತು. ಆಮೇಲೆ, ಹಾಗೇ ಬಾಯಿಗೆ ಬಂದ ಮಾತಿನಂತೆ, "ವಿಟ್ಲಕ್ಕೆ ನಾನೇ ಹೋಗಿ ಹೇಳಿ ಬಂದೆ. ಅವಳಿಗೆ ಬೇರೆ ಕಡೆ ಆಯ್ತು, ಒಳ್ಳೆ ಮನೆ" ಎಂದರು.

ಮುಂದಿನ ವರ್ಷ ರಜೆಯಲ್ಲಿ, ಅಡುಗೆಮನೆಯಲ್ಲಿ, ಅವರು ಬಂಗುಡೆ ಕೊಯ್ಯುತ್ತಿದ್ದಾಗ ಉಳಿದದ್ದನ್ನೂ ಹೇಳಿದೆ. ಕತ್ತಿ ನಿಂತಿತು. ಅವರು ಅತ್ತರು, ನಾನೂ ಅತ್ತೆ. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ನೀನು ಒಬ್ಬನೇಯಾ ಹೀಗೆ?"

"ಅಲ್ಲ ಉಮ್ಮ. ತುಂಬ ಜನ ಇದ್ದೇವೆ."

"ಹಾಗಾದ್ರೆ ನಿನಗೆ ಜನ ಇದ್ದಾರೆ" ಎಂದು ಮೂಗು ಒರೆಸಿಕೊಂಡು ಮಸಾಲೆ ಅರೆಯಲು ಎದ್ದರು. ಆ ಮಧ್ಯಾಹ್ನ ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.