ಕನ್ನಡಕ ಕೊಂಡುಹೋದ ಬ್ರೋಕರ್

ಲಿಫ್ಟಿನಲ್ಲಿ ಒಬ್ಬನೇ ಇದ್ದೇನೆಂಬ ಧೈರ್ಯದಲ್ಲಿ ನಾನು ಗೋಡೆಯ ಕನ್ನಡಿಗೆ ಕೈಮುಗಿದು, "ಹುಡುಗ ಬಂಗಾರ ಸ್ವಾಮೀ, ಅಪ್ಪಟ ಬಂಗಾರ!" ಎಂದು ಗದ್ಗದಿತನಾಗಿ ಹೇಳುತ್ತಿದ್ದಾಗ ಬಾಗಿಲು ತೆರೆದುಕೊಂಡಿತು. ಎದುರಿಗೆ ತರಕಾರಿ ಚೀಲ ಹಿಡಿದ ಇಂಗ್ಲಿಷ್ ವೃದ್ಧರೊಬ್ಬರು ನಿಂತಿದ್ದರು. ಈ ಕೊಲ್ಲಿ ದೇಶದ ಬ್ನೇದ್ ಅಲ್ ಗಾರ್ ಬಡಾವಣೆಯ ಆ ಕಟ್ಟಡದಲ್ಲಿ ನನಗಿದ್ದ ಅಷ್ಟಿಷ್ಟು ಮರ್ಯಾದೆಯೂ ಮುಗಿಯಿತೆಂದುಕೊಂಡೆ. ಅವರು ಒಳಗೆ ಬಂದು, ಗುಂಡಿ ಒತ್ತಿ, ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟೇ: "ನಾಟಕ ಯಾವಾಗ?"

ಇಲ್ಲಿನ ಶಾಲೆಯೊಂದರಲ್ಲಿ ಪಾಠ ಹೇಳುವ ಮಗಳ ಮನೆಗೆ ಚಳಿಗಾಲ ಕಳೆಯಲು ಬಂದವರು ಅವರು. ತಮ್ಮ ದೇಶದಲ್ಲಿ ಜೀವಮಾನವಿಡೀ ನಟರು. ನಾಯಕರಲ್ಲ, ಖಳರೂ ಅಲ್ಲ. ಊರೂರು ಸುತ್ತುವ ಕಂಪನಿಯೊಂದರಲ್ಲಿ ಪರದೆಯ ಹಿಂದೆ ತಗಡು ಬಡಿದು ಗುಡುಗು ಎಬ್ಬಿಸುವುದರಿಂದ ಶುರುಮಾಡಿ, ಮುಂದೆ ಪಾದ್ರಿ, ನ್ಯಾಯಾಧೀಶ, ಸಾಹುಕಾರರ ಮನೆಯ ಬಟ್ಲರ್ ಆದವರು. ಟೀವಿಯ ಪತ್ತೇದಾರಿ ಧಾರಾವಾಹಿಗಳಲ್ಲಿ ಒಂದೋ ಅವರೇ ಹೆಣ, ಇಲ್ಲವೇ ಹೆಣ ಮೊದಲು ಕಂಡವರು. ಊರಿನ ಬೀದಿಯಲ್ಲಿ ಜನ ತಡೆದು ನಿಲ್ಲಿಸಿ, "ನೀವು ನಮ್ಮ ಬ್ಯಾಂಕಿನಲ್ಲಿ ಇದ್ದಿರಲ್ಲವೇ?" ಎಂದು ಕೇಳುತ್ತಾರಂತೆ. ಇದನ್ನು ಅವರು ಪ್ರಶಸ್ತಿ ಬಂದವರ ಹಾಗೆ ಹೇಳಿಕೊಳ್ಳುತ್ತಿದ್ದರು.

ನನಗೂ ಅದೇ ಜಾತಕ. ಹಡಗಿನಲ್ಲಿ ಬರುವ ಸಾಮಾನನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಆಫೀಸೊಂದರಲ್ಲಿ ನೌಕರಿ. ವರ್ಷಕ್ಕೊಮ್ಮೆ ಇಲ್ಲಿನ ನಮ್ಮ ಕನ್ನಡಿಗರ ಸಂಘದ ನಾಟಕದಲ್ಲಿ ಪೋಸ್ಟ್‌ಮ್ಯಾನ್, ಡಾಕ್ಟರ್, ಪೊಲೀಸ್. ಆ ವರ್ಷ ಮದುವೆ ಬ್ರೋಕರ್. ಬರುವುದು, ಚಹಾ ಕುಡಿಯುವುದು, ಹುಡುಗನನ್ನು ಹೊಗಳುವುದು, ಹೋಗುವುದು. ಇಷ್ಟಕ್ಕೆ ನಾನು ಎರಡು ತಿಂಗಳು ನಿದ್ದೆಗೆಟ್ಟಿದ್ದೆ. ಮಾತು ಮರೆತರೆ? ಚಹಾ ಬಿಸಿಯಾಗಿದ್ದರೆ? ಆರಿದ್ದರೆ?

ಆದರೆ ನಿಜವಾದ ಭಯ ಬೇರೆಯೇ ಇತ್ತು. ನಮ್ಮ ನಿರ್ದೇಶಕ ಜಹ್ರಾದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆಯುವವ. ನಾಟಕವನ್ನೂ ಹಾಗೆಯೇ ನೋಡುತ್ತಾನೆ, ಮೂಳೆ ಮಾತ್ರ ಸಾಕು ಎಂಬಂತೆ. ಅಬ್ಬಾಸಿಯಾದ ಫ್ಲ್ಯಾಟೊಂದರಲ್ಲಿ ಶುಕ್ರವಾರದ ರಿಹರ್ಸಲ್ ಮುಗಿಸುತ್ತಾ ಅವನು ಅಂದ: "ಅಣ್ಣ, ನಾಟಕ ಉದ್ದ ಆಯ್ತು. ನಿಮ್ಮ ಸೀನ್ ಇಲ್ಲದಿದ್ರೂ ಕಥೆಗೆ ಎಂತದೂ ಆಗ್ಲಿಕ್ಕಿಲ್ಲ ಅಲ್ವಾ?"

"ನೋಡುವ" ಎಂದೆ ನಗುತ್ತಾ. ಮನೆಗೆ ಬಂದು ಊಟ ಬಿಟ್ಟೆ.

"ಎರಡು ತಿಂಗಳಿಂದ ಸೀನ್ ಉಂಟು ಅಂತ ಟೆನ್ಶನ್. ಈಗ ಇಲ್ಲ ಅಂತ ಟೆನ್ಶನ್ನಾ?" ಎಂದಳು ಹೆಂಡತಿ. "ನಿಮಗೆ ಎಂತ ಬೇಕು ಅಂತ ಒಮ್ಮೆ ಹೇಳಿ ಮಾರಾಯ್ರೆ, ಮೀನಾದ್ರೂ ಬಿಸಿ ಇರುವಾಗ ತಿನ್ನಿ."

ನನಗೆ ಬೇಕಿದ್ದದ್ದು ಆ ಸೀನ್. ಬೇರೇನೂ ಅಲ್ಲ.

ಮರುದಿನ ಆರನೇ ಮಹಡಿಗೆ ಹೋಗಿ ವೃದ್ಧರ ಮುಂದೆ ಅಲವತ್ತುಕೊಂಡೆ. ಅವರು ಸಮಾಧಾನ ಹೇಳಲಿಲ್ಲ. ತಮ್ಮ ಕಥೆ ಹೇಳಿದರು. ಒಮ್ಮೆ ಪುಟ್ಟ ಮಗಳನ್ನು ಕರೆದುಕೊಂಡು, ತಾವು ನಟಿಸಿದ ಸಿನಿಮಾ ನೋಡಲು ಹೋದರಂತೆ. ಅವಳು ಪ್ರತಿಯೊಂದು ಬಾಗಿಲು ತೆರೆದಾಗಲೂ "ಈಗ ಅಪ್ಪ!" ಎನ್ನುತ್ತಿದ್ದಳು. ಸಿನಿಮಾ ಮುಗಿಯಿತು, ದೀಪ ಹತ್ತಿತು, ಅಪ್ಪ ಬರಲೇ ಇಲ್ಲ. ಅವರ ದೃಶ್ಯವನ್ನು ಪೂರ್ತಿ ಕತ್ತರಿಸಿದ್ದರು. ಅವತ್ತಿನಿಂದ ಅವರೊಂದು ಉಪಾಯ ಕಲಿತರು. "ಮಾತು ಹೆಚ್ಚು ಕೇಳಬೇಡಿ," ಎಂದರು. "ಮುಂದಿನ ದೃಶ್ಯದಲ್ಲಿ ನಾಯಕನಿಗೆ ಬೇಕಾದದ್ದು ನಿಮ್ಮ ಕೈಯಲ್ಲೇ ಹೊರಗೆ ಹೋಗಬೇಕು, ಇಲ್ಲವೇ ಒಳಗೆ ಬರಬೇಕು. ಆಮೇಲೆ ನಿಮ್ಮನ್ನು ಕಾಪಾಡುವುದು ಅವನ ಕೆಲಸ." ಮುಂದೆ ಅವರು ಬಟ್ಲರ್ ಆದಾಗಲೆಲ್ಲ ನಾಯಕನ ಕೋಟಿನ ಒಂದು ತೋಳು ಮಾತ್ರ ತೊಡಿಸಿ ಹೊರಟುಬಿಡುತ್ತಿದ್ದರಂತೆ. ಇನ್ನೊಂದು ತೋಳಿಗಾಗಿ ನಾಯಕ ಒದ್ದಾಡುವಾಗ ಜನ ನಗುತ್ತಿದ್ದರು. ನಗು ಸಿಕ್ಕಿದ ಮೇಲೆ ಬಟ್ಲರನ್ನು ತೆಗೆಯಲು ಯಾವ ನಾಯಕ ಒಪ್ಪುತ್ತಾನೆ?

ನಮ್ಮ ನಾಯಕ ಹುಡುಗಿಯ ಜಿಪುಣ ಅಪ್ಪ. ಪಾತ್ರ ಮಾಡುವವನು ಹೋಟೆಲೊಂದರ ಮ್ಯಾನೇಜರ್, ನನಗಿಂತ ತೂಕದ ಮನುಷ್ಯ, ಎಲ್ಲ ಅರ್ಥದಲ್ಲೂ. ಮುಂದಿನ ರಿಹರ್ಸಲ್‌ನಲ್ಲಿ ನಾನು ಚಹಾ ಕುಡಿದು, ಅವನು ಟೀಪಾಯಿಯ ಮೇಲಿಟ್ಟಿದ್ದ ಕನ್ನಡಕವನ್ನು ನನ್ನದೆಂಬಂತೆ ಮೂಗಿಗೇರಿಸಿಕೊಂಡು ಹೊರಟುಬಿಟ್ಟೆ. ಮುಂದಿನ ದೃಶ್ಯದಲ್ಲಿ ಅವನು ಹುಡುಗನ ಫೋಟೋ ನೋಡಬೇಕು. ಟೀಪಾಯಿ ತಡಕಿದ, ಜೇಬು ತಡಕಿದ, ಕಡೆಗೆ ಫೋಟೋವನ್ನು ತಲೆಕೆಳಗಾಗಿ ಹಿಡಿದು, "ಗಡ್ಡ ಒಳ್ಳೆ ದಪ್ಪ ಉಂಟು, ಆದ್ರೆ ತಲೆ ಪೂರಾ ಬೋಳು ಮಾರಾಯ್ತಿ" ಎಂದು ಹೆಂಡತಿ ಪಾತ್ರದವಳಿಗೆ ತೋರಿಸಿದ. ಫ್ಲ್ಯಾಟಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನನ್ನತ್ತ ತಿರುಗಿ, "ದಿನಾ ತಗೊಂಡ್ಹೋಗು, ಗೊತ್ತಾಯ್ತಾ?" ಎಂದ.

ನಾಟಕದ ಸಂಜೆ ಶಾಲೆಯ ಸಭಾಂಗಣ ತುಂಬಿತ್ತು. ವೃದ್ಧರು ಎರಡನೇ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕ. ಆದರೆ ನಮ್ಮ ಸಂಘಕ್ಕೆ ಒಂದು ಕಾಯಿಲೆ ಉಂಟು: ಸನ್ಮಾನ. ಶಾಲು, ಹಾರ, ಸ್ಮರಣಿಕೆ, ಎರಡು ಮಾತು. ಸನ್ಮಾನ ಮಾಡಿದವರಿಗೂ ಸನ್ಮಾನ. ಪರದೆ ಏಳುವ ಹೊತ್ತಿಗೆ ಶಾಲೆಯ ಕಾವಲುಗಾರ ಬೀಗದ ಕೈಗಳ ಗೊಂಚಲು ಅಲ್ಲಾಡಿಸುತ್ತಾ "ಖಲಾಸ್? ಖಲಾಸ್?" ಎಂದು ಎರಡು ಸಲ ಬಂದು ಹೋಗಿದ್ದ.

ನಿರ್ದೇಶಕ ಬೆವರುತ್ತಾ ನನ್ನ ಹತ್ತಿರ ಬಂದ. "ಅಣ್ಣ, ಬೇಜಾರು ಮಾಡ್ಬೇಡಿ. ಟೈಮಿಲ್ಲ. ಬ್ರೋಕರ್ ಕಟ್."

ಇಷ್ಟು ದಿನ ಹೆದರಿದ್ದು ಎದುರಿಗೆ ಬಂದು ನಿಂತಾಗ ನನಗೆ ವಿಚಿತ್ರವಾದ ನಿರಾಳ. ಮೀಸೆ ಅಂಟಿಸಿಕೊಳ್ಳುತ್ತಿದ್ದ ನಾಯಕನ ಕಡೆ ನೋಡಿದೆ, ಅಷ್ಟೇ.

"ಎಂತ ಕಟ್?" ಅವನು ಅರ್ಧ ಮೀಸೆಯಲ್ಲೇ ಎದ್ದ. "ಇವ ಬಾರದಿದ್ರೆ ನನ್ನ ಕನ್ನಡಕ ಯಾರು ತಗೊಂಡ್ಹೋಗೋದು? ನಿನ್ನ ಅಜ್ಜನಾ?"

"ಮತ್ತೆ ಯಾವುದು ತೆಗೀಲಿ ಭಾಯಿ? ನೀವೇ ಹೇಳಿ."

"ನನ್ನ ಡ್ಯಾನ್ಸ್ ತೆಗಿ. ಮೊಣಕಾಲಿಗೂ ಒಳ್ಳೇದು. ಯಲ್ಲಾ, ನಡಿ!"

ನಾನು ರಂಗಕ್ಕೆ ಹೋದೆ. ಚಹಾ ತಣ್ಣಗಿತ್ತು. ಒಂದು ಮಾತು ಮರೆತು ಅದರ ಜಾಗದಲ್ಲಿ ಚಹಾವನ್ನೇ ಹೊಗಳಿದೆ, ಯಾರಿಗೂ ಗೊತ್ತಾಗಲಿಲ್ಲ. ಕನ್ನಡಕ ಏರಿಸಿಕೊಂಡು ಹೊರಟಾಗ ಜನರೆಲ್ಲ ಕಳ್ಳನನ್ನು ಕಂಡವರಂತೆ ನಾಯಕನಿಗೆ ಕೂಗಿ ಹೇಳತೊಡಗಿದರು. ನನ್ನ ಇಷ್ಟು ವರ್ಷದ ರಂಗಜೀವನದಲ್ಲಿ ನಾನು ಹೋದಮೇಲೂ ನನ್ನ ವಿಷಯ ಮಾತಾಡಿದ ಪ್ರೇಕ್ಷಕರು ಅವರೇ ಮೊದಲು. ಆಮೇಲಿನಿಂದ ಸಣ್ಣ ಪಾತ್ರ ಕೊಟ್ಟರೆ ನಾನು ಮುಖ ಸಣ್ಣ ಮಾಡುವುದಿಲ್ಲ. ನಾಯಕನ ಮೇಜಿನ ಮೇಲೆ ಏನೇನಿದೆ ಎಂದು ನೋಡುತ್ತೇನೆ.

ವಾಪಸಾಗುವಾಗ ಲಿಫ್ಟಿನಲ್ಲಿ ನಾವು ಮೂವರು. ವೃದ್ಧರು ನನ್ನ ಭುಜ ತಟ್ಟಿ, "ಒಂದು ಮಾತು ಮರೆತಿರಿ, ಅಲ್ಲವೇ?" ಎಂದರು. ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ಹೇಗೆ ತಿಳಿಯಿತೆಂದು ಕೇಳುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಾಯಕ.

"ಮಾರಾಯಾ, ನನ್ನ ಕನ್ನಡಕ ಎಲ್ಲುಂಟು? ಕಾರಲ್ಲಿ ಕೂತಿದ್ದೇನೆ. ಸ್ಟೇರಿಂಗ್‌ನಿಂದ ಆಚೆ ಎಂತದೂ ಕಾಣ್ತಾ ಇಲ್ಲ!"

ಜೇಬು ಮುಟ್ಟಿ ನೋಡಿದೆ. ಹೆಂಡತಿ ಹಣೆ ಬಡಿದುಕೊಂಡಳು. ವೃದ್ಧರು ಏನನ್ನೂ ಕೇಳದೆ, ಕೈ ಚಾಚಿ ನೆಲಮಹಡಿಯ ಗುಂಡಿ ಒತ್ತಿದರು.